ಕಕ್ಷೆಯಲ್ಲಿ ಎಫ್‌ಪಿಜಿಎ ಕೈಕೊಟ್ಟಾಗ: 'ವಿಕಿರಣ' ಎಂದು ವರದಿ ಬರೆಯುವ ಮುನ್ನ

ಎಫ್‌ಪಿಜಿಎ ಅಂದರೆ ಒಳಗಿನ ಸರ್ಕ್ಯೂಟನ್ನು ಬಳಸುವವರೇ ರೂಪಿಸಿಕೊಳ್ಳುವ ಚಿಪ್. ಅದನ್ನು ಹೊತ್ತ ಉಪಗ್ರಹದ ಪೇಲೋಡ್ ಬೋರ್ಡ್ ಆಜ್ಞೆಗಳಿಗೆ ಉತ್ತರಿಸುವುದನ್ನು ನಿಲ್ಲಿಸುತ್ತದೆ. ಟೆಲಿಮೆಟ್ರಿಯಲ್ಲಿ ವೋಲ್ಟೇಜ್ ಸರಿಯಿದೆ, ತಾಪಮಾನ ಸರಿಯಿದೆ. ಪವರ್ ಆಫ್ ಮಾಡಿ ಆನ್ ಮಾಡಿದರೆ ಬೋರ್ಡ್ ಮತ್ತೆ ಕೆಲಸ ಶುರುಮಾಡುತ್ತದೆ. 'ವಿಕಿರಣದಿಂದ ಉಂಟಾದ ತಾತ್ಕಾಲಿಕ ದೋಷ' ಎಂದು ವರದಿಯಲ್ಲಿ ಒಂದು ಸಾಲು ಬೀಳುತ್ತದೆ, ಕಡತ ಮುಚ್ಚುತ್ತದೆ. ಕೆಲವು ವಾರಗಳ ಮೇಲೆ ಅದೇ ದೋಷ ಮತ್ತೆ ಬರುತ್ತದೆ.

ಆ ಸಾಲು ಅನೇಕ ಸಲ ನಿಜವೇ ಆಗಿರುತ್ತದೆ. ಆದರೆ ಪುರಾವೆಯಿಲ್ಲದೆ ಬರೆದರೆ ಅದು ತನಿಖೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ವಿಕಿರಣವನ್ನು ಯಾರೂ ತಡೆಯಲಾರರು ಎಂದ ಮೇಲೆ ರೀಸೆಟ್ ವಿನ್ಯಾಸದ ತಪ್ಪನ್ನಾಗಲಿ, ಬಿರುಕು ಬಿಟ್ಟ ಬೆಸುಗೆಯನ್ನಾಗಲಿ, ಬರೆದ ಕೋಡನ್ನು ಸರ್ಕ್ಯೂಟ್ ಆಗಿಸುವ ಸಿಂಥೆಸಿಸ್ ಸಾಫ್ಟ್‌ವೇರ್ ಸದ್ದಿಲ್ಲದೆ ಕಿತ್ತುಹಾಕಿದ ಫ್ಲಿಪ್‌ಫ್ಲಾಪ್‌ಗಳನ್ನಾಗಲಿ (ಒಂದೊಂದು ಬಿಟ್ ನೆನಪಿಡುವ ಕೋಶಗಳು) ಹುಡುಕುವವರೇ ಇರುವುದಿಲ್ಲ. ನಿಜಕ್ಕೂ ವಿಕಿರಣವೇ ಕಾರಣವಾಗಿದ್ದಾಗಲೂ 'ವಿಕಿರಣ' ಎಂಬ ಒಂದೇ ಪದ ಸಾಲದು. ಸರ್ಕ್ಯೂಟ್‌ನ ನಕ್ಷೆಯ, ಅಂದರೆ ಕಾನ್ಫಿಗರೇಶನ್‌ನ, ಬಿಟ್ ತಿರುಗಿದ್ದಕ್ಕೆ (ಸೊನ್ನೆ ಒಂದಾದದ್ದಕ್ಕೆ ಅಥವಾ ಒಂದು ಸೊನ್ನೆಯಾದದ್ದಕ್ಕೆ) ಒಂದು ಚಿಕಿತ್ಸೆ, ಚಿಪ್‌ನೊಳಗೆ ಶಾರ್ಟ್ ಆಗುವ ಲ್ಯಾಚಪ್‌ಗೆ ಇನ್ನೊಂದು, ಕಾಲಕ್ರಮದಲ್ಲಿ ಕೂಡಿಕೊಂಡ ವಿಕಿರಣದ ಸಂಚಿತ ಪ್ರಮಾಣದಿಂದ ಸವೆದ ಟ್ರಾನ್ಸಿಸ್ಟರ್‌ಗೆ ಮತ್ತೊಂದು.

ಈ ಕೈಪಿಡಿಯ ಉಳಿದೆಲ್ಲ ಮಾತು ಒಂದೇ ನಿಯಮದ ಮೇಲೆ ನಿಂತಿದೆ: ದೋಷ ಯಾವುದರಿಂದ ಸರಿಹೋಯಿತು ಎಂಬುದೇ ದೋಷದ ಅತ್ಯುತ್ತಮ ಗುರುತು. ಪವರ್ ಆಫ್–ಆನ್ ಬಹುತೇಕ ಎಲ್ಲವನ್ನೂ ಸರಿಮಾಡುತ್ತದೆ, ಆದ್ದರಿಂದಲೇ ಅದು ಏನನ್ನೂ ಹೇಳುವುದಿಲ್ಲ. ಅದನ್ನು ಮೊದಲು ಮಾಡುವುದು ಜ್ವರದ ಮಾತ್ರೆ ನುಂಗಿಸಿದ ಮೇಲೆ ರೋಗಿಯ ಉಷ್ಣಾಂಶ ಅಳೆಯಲು ಹೋದಂತೆ.

ನಿಮ್ಮ ಚಿಪ್ ಯಾವ ಜಾತಿಯದು

ಎಫ್‌ಪಿಜಿಎ ತನ್ನ ಸರ್ಕ್ಯೂಟ್‌ನ ನಕ್ಷೆಯನ್ನು ಎಲ್ಲಿ ನೆನಪಿಟ್ಟುಕೊಳ್ಳುತ್ತದೆ ಎಂಬುದು ಮೊದಲ ಪ್ರಶ್ನೆ. ಆ್ಯಂಟಿಫ್ಯೂಸ್ ಚಿಪ್‌ಗಳಲ್ಲಿ, ಉದಾಹರಣೆಗೆ ಆರ್‌ಟಿಎಎಕ್ಸ್–ಎಸ್ ಸರಣಿಯಲ್ಲಿ, ಸಂಪರ್ಕಗಳು ಒಮ್ಮೆ ಬೆಸೆದುಕೊಂಡರೆ ಮುಗಿಯಿತು, ಮತ್ತೆ ಬಿಡಿಸಲಾಗದು. ಅಲ್ಲಿ ನಕ್ಷೆಯ ಬಿಟ್ ತಿರುಗುವ ಪ್ರಶ್ನೆಯೇ ಇಲ್ಲ. ಫ್ಲಿಪ್‌ಫ್ಲಾಪ್‌ಗಳೂ ಸಿಲಿಕಾನ್‌ನಲ್ಲೇ ಮೂರು ಪಟ್ಟಾಗಿ ಬಂದಿರುತ್ತವೆ. ಫ್ಲ್ಯಾಷ್ ಆಧಾರಿತ ಆರ್‌ಟಿಜಿ4ರಲ್ಲೂ ನಕ್ಷೆ ಭದ್ರ, ಫ್ಲಿಪ್‌ಫ್ಲಾಪ್‌ಗಳು ಮೂರು ಪಟ್ಟು, ಕಣದ ಏಟಿಗೆ ತಂತಿಯಲ್ಲಿ ಏಳುವ ಕ್ಷಣಿಕ ಮಿಡಿತಗಳನ್ನು ಸೋಸುವ ಫಿಲ್ಟರ್ ಕೂಡ ಇದೆ. ಇಂತಹ ಚಿಪ್‌ನಲ್ಲಿ ದೋಷ ಕಂಡರೆ ಚಿಪ್ ಒಳಗಿನ ರ್‍ಯಾಮ್, ಪಿಎಲ್‌ಎಲ್ (ಕ್ಲಾಕ್ ತಯಾರಿಸುವ ಭಾಗ), ಕ್ಲಾಕ್ ಮತ್ತು ರೀಸೆಟ್ ಜಾಲಗಳ ಕಡೆ ನೋಡಿ. ಅಷ್ಟೇ ಗಂಭೀರವಾಗಿ ನಿಮ್ಮ ವಿನ್ಯಾಸದ ಕಡೆಗೂ ನೋಡಿ.

ಎಸ್‌ರ್‍ಯಾಮ್ ಆಧಾರಿತ ಚಿಪ್‌ಗಳ ಕಥೆ ಬೇರೆ. ಅಲ್ಲಿ ನಕ್ಷೆಯೇ ಮೆಮೊರಿ ಬಿಟ್‌ಗಳಲ್ಲಿರುತ್ತದೆ, ಒಂದು ಬಿಟ್ ತಿರುಗಿದರೆ ಸರ್ಕ್ಯೂಟೇ ಬದಲಾಗುತ್ತದೆ: ಆ್ಯಂಡ್ ಗೇಟ್ ಇನ್ನೇನೋ ಆಗುತ್ತದೆ, ತಂತಿಯೊಂದು ಕಡಿದುಹೋಗುತ್ತದೆ, ಎರಡು ತಂತಿಗಳು ಕೂಡಿಕೊಳ್ಳುತ್ತವೆ. ಈ ಜಾತಿಯೊಳಗೂ ಭೇದವಿದೆ. ವರ್ಟೆಕ್ಸ್–5ಕ್ಯೂವಿಯ ಕಾನ್ಫಿಗರೇಶನ್ ಕೋಶಗಳನ್ನು ವಿಕಿರಣ ತಡೆಯುವಂತೆಯೇ ವಿನ್ಯಾಸ ಮಾಡಲಾಗಿದೆ. 20 ನ್ಯಾನೊಮೀಟರ್‌ನ ಎಕ್ಸ್‌ಕ್ಯೂಆರ್‌ಕೆಯು060ರಲ್ಲಿ ಹಾಗಿಲ್ಲ, ಅದಕ್ಕೆ ಸ್ಕ್ರಬ್ಬಿಂಗ್, ಅಂದರೆ ಮೂಲ ಪ್ರತಿ ನೋಡಿ ಕಾನ್ಫಿಗರೇಶನ್ ಬಿಟ್‌ಗಳನ್ನು ಮತ್ತೆ ಮತ್ತೆ ಸರಿಪಡಿಸುವ ಕೆಲಸ, ಬೇಕೇ ಬೇಕು. ಮೊದಲನೆಯದರಲ್ಲಿ ವಾರಕ್ಕೆ ಹಲವು ಕಾನ್ಫಿಗರೇಶನ್ ದೋಷ ಕಂಡರೆ ನಾನು ವಿಕಿರಣವನ್ನಲ್ಲ, ಮೊದಲು ಓದುವ ಸರ್ಕ್ಯೂಟನ್ನೇ ಅನುಮಾನಿಸುತ್ತೇನೆ. ಎರಡನೆಯದರಲ್ಲಿ ಅಂತಹ ದೋಷ ಒಂದೂ ಕಾಣದಿದ್ದರೆ ಸ್ಕ್ರಬರ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸುತ್ತೇನೆ.

ಕರೆಂಟ್‌ನ ಗ್ರಾಫ್ ತೆಗೆಯಿರಿ

ಬೇರೆ ಯಾವ ಟೆಲಿಮೆಟ್ರಿಗಿಂತಲೂ ಮೊದಲು ಬೋರ್ಡ್‌ನ ಪ್ರತಿಯೊಂದು ಸರಬರಾಜು ಹಳಿಯ ಕರೆಂಟನ್ನು ದೋಷದ ಹಿಂದಿನ ಒಂದು ಪೂರ್ಣ ಪ್ರದಕ್ಷಿಣೆಯಿಂದ ಬಿಡಿಸಿ ನೋಡಿ. ಗ್ರಾಫ್‌ನ ಆಕಾರ ಅರ್ಧ ಉತ್ತರ ಕೊಡುತ್ತದೆ.

ಕರೆಂಟ್ ಒಮ್ಮೆಲೇ ಮೇಲಕ್ಕೆ ಜಿಗಿದು ಅಲ್ಲೇ ನಿಂತಿದ್ದರೆ, ರೀಸೆಟ್‌ಗಾಗಲಿ ಮರುಕಾನ್ಫಿಗರೇಶನ್‌ಗಾಗಲಿ ಜಗ್ಗದಿದ್ದರೆ, ಅದು ಲ್ಯಾಚಪ್. ಒಂದೇ ಭಾರಿ ಅಯಾನು ಸಿಲಿಕಾನ್‌ನೊಳಗಿನ ಪರಾವಲಂಬಿ ಥೈರಿಸ್ಟರನ್ನು (ಬೇಡದೆ ರೂಪುಗೊಂಡ ಸ್ವಿಚ್ಚನ್ನು) ಹೊತ್ತಿಸಿದೆ. ಪವರ್ ತೆಗೆಯುವವರೆಗೆ ಅದು ಆರದು. ಮೇಲೆ ಹೇಳಿದ ನಿಯಮಕ್ಕೆ ಇರುವ ಒಂದೇ ವಿನಾಯಿತಿ ಇದು. ಲ್ಯಾಚಪ್ ಆದಾಗ ಪುರಾವೆ ಕೂಡಿಸುತ್ತ ಕೂರಬೇಡಿ, ಕೂಡಲೇ ಪವರ್ ತೆಗೆಯಿರಿ. ಇಲ್ಲದಿದ್ದರೆ ಲೋಹದ ತಂತಿಗಳು ಕರಗಿ ಚಿಪ್ ಶಾಶ್ವತವಾಗಿ ಹೋಗುತ್ತದೆ. ನಿಜವಾಗಿ ಈ ಕೆಲಸವನ್ನು ಭೂ ಕೇಂದ್ರದ ಮನುಷ್ಯರಿಗೆ ಬಿಡಲೇಬಾರದು, ಬೋರ್ಡ್‌ನ ಕರೆಂಟ್ ಮಿತಿಕಾರಕವೇ ಮಿಲಿಸೆಕೆಂಡುಗಳಲ್ಲಿ ಮಾಡಬೇಕು.

ಆದರೆ ಲ್ಯಾಚಪ್ ಯಾವ ಚಿಪ್‌ನಲ್ಲಿ? ಬೋರ್ಡ್‌ನ ಮಧ್ಯದಲ್ಲಿ ಕೂತ ದೊಡ್ಡ ಎಫ್‌ಪಿಜಿಎ ಮೇಲೆಯೇ ಎಲ್ಲರ ಕಣ್ಣು. ಆರ್‌ಟಿಜಿ4ರಂತಹ ಚಿಪ್‌ನ ಮಾಹಿತಿಪತ್ರ 100 ಎಂಇವಿ–ಚದರ ಸೆಂಟಿಮೀಟರ್ ಪ್ರತಿ ಮಿಲಿಗ್ರಾಂ ದಾಟಿದ ಶಕ್ತಿಪಾತದವರೆಗೂ (ಕಣ ತನ್ನ ದಾರಿಯಲ್ಲಿ ಚಿಪ್‌ಗೆ ಇಳಿಸುವ ಶಕ್ತಿ) ಲ್ಯಾಚಪ್ ಇಲ್ಲ ಎಂದು ಹೇಳುತ್ತದೆ. ಅದೇ ಹಳಿಯಿಂದ ಪವರ್ ಪಡೆಯುವ ಎಡಿಸಿ, ಎಸ್‌ಡಿರ್‍ಯಾಮ್, ಫ್ಲ್ಯಾಷ್ ಮೆಮೊರಿ, ಇಂಟರ್‌ಫೇಸ್ ಚಿಪ್‌ಗಳಿಗೆ ಅಂತಹ ಭರವಸೆ ಇದೆಯೇ? ಸಣ್ಣ ಉಪಗ್ರಹಗಳಲ್ಲಿ ಹಣ ಉಳಿಸಲು ವಾಣಿಜ್ಯ ದರ್ಜೆಯ ಚಿಪ್‌ಗಳನ್ನು ಕೂರಿಸುವುದು ಇಂತಹ ಜಾಗಗಳಲ್ಲೇ.

ಕರೆಂಟ್ ಸಣ್ಣ ಮೆಟ್ಟಿಲಿನಷ್ಟು ಏರಿ, ಸ್ಕ್ರಬ್ ಆದೊಡನೆ ಹಳೆಯ ಮಟ್ಟಕ್ಕೆ ಇಳಿದಿದ್ದರೆ ಅದು ಲ್ಯಾಚಪ್ ಅಲ್ಲ. ತಿರುಗಿದ ಕಾನ್ಫಿಗರೇಶನ್ ಬಿಟ್ ಒಂದೇ ತಂತಿಗೆ ಎರಡು ಚಾಲಕಗಳನ್ನು ಜೋಡಿಸಿತ್ತು, ಅವು ಒಂದನ್ನೊಂದು ಎಳೆದಾಡುತ್ತಿದ್ದವು. ಕರೆಂಟ್ ಒಮ್ಮೆಲೇ ಕೆಳಕ್ಕೆ ಬಿದ್ದು ನಕ್ಷೆ ತುಂಬಿ ಮುಗಿದಿದೆ ಎಂದು ತೋರಿಸುವ 'ಡನ್' ಪಿನ್ ಕೂಡ ಸೊನ್ನೆಗೆ ಇಳಿದಿದ್ದರೆ ಎಸ್‌ರ್‍ಯಾಮ್ ಚಿಪ್ ತನ್ನ ಪವರ್–ಆನ್ ರೀಸೆಟ್ ಸರ್ಕ್ಯೂಟ್‌ನಲ್ಲೇ ಏಟು ತಿಂದು ಇಡೀ ನಕ್ಷೆಯನ್ನು ಮರೆತಿದೆ. ಸೆಫಿ ಎಂದು ಕರೆಯುವ, ಒಂದೇ ಕಣದಿಂದ ಚಿಪ್‌ನ ಕಾರ್ಯವೇ ನಿಲ್ಲುವ ದೋಷಗಳಲ್ಲಿ ಗುರುತಿಸಲು ಅತ್ಯಂತ ಸುಲಭವಾದದ್ದು ಇದು. ತಿಂಗಳುಗಟ್ಟಲೆ ಕರೆಂಟ್ ಮೆಲ್ಲಗೆ ತೆವಳಿ ಏರಿದ್ದರೆ ಸಂಚಿತ ಪ್ರಮಾಣದ ಸೋರಿಕೆ, ಅದಕ್ಕೆ ಮುಂದೆ ಬರುತ್ತೇನೆ.

ಒಂದೊಂದೇ ಮೆಟ್ಟಿಲು

ಲ್ಯಾಚಪ್ ಅಲ್ಲ ಎಂದು ಖಚಿತವಾದ ಮೇಲೆ ಈ ಕ್ರಮ. ಪ್ರತಿ ಹಂತದ ನಂತರ ಬೋರ್ಡ್ ಸರಿಹೋಯಿತೇ ನೋಡಿ, ಸರಿಹೋಗದಿದ್ದರೆ ಮಾತ್ರ ಮುಂದಿನದಕ್ಕೆ ಹೋಗಿ.

1. ಏನನ್ನೂ ಬರೆಯದೆ ಓದಿ: ಸ್ಥಿತಿ ರಿಜಿಸ್ಟರ್, ದೋಷ ಎಣಿಕೆಗಳು, ಕೆಲಸವನ್ನು ಹಂತ ಹಂತವಾಗಿ ನಡೆಸುವ ಸ್ಟೇಟ್ ಮಷೀನ್‌ಗಳ ಪ್ರಸ್ತುತ ಸ್ಥಿತಿ, ರ್‍ಯಾಮ್ ಡಂಪ್.
2. ಕಾನ್ಫಿಗರೇಶನ್ ರೀಡ್‌ಬ್ಯಾಕ್ ಮಾಡಿ (ಚಿಪ್‌ನಿಂದ ಹಿಂದಕ್ಕೆ ಓದಿ) ಮೂಲ ಪ್ರತಿಯೊಂದಿಗೆ ಹೋಲಿಸಿ, ವ್ಯತ್ಯಾಸವಿರುವ ಫ್ರೇಮ್‌ನ (ಕಾನ್ಫಿಗರೇಶನ್ ಮೆಮೊರಿಯ ಒಂದು ತುಂಡಿನ) ವಿಳಾಸ ಮತ್ತು ಬಿಟ್ ಬರೆದಿಟ್ಟುಕೊಳ್ಳಿ.
3. ಆ ಫ್ರೇಮ್ ಒಂದನ್ನೇ ಸರಿಪಡಿಸಿ.
4. ಲಾಜಿಕ್ ರೀಸೆಟ್ ಕೊಡಿ.
5. ಪವರ್ ಹಾಗೇ ಇಟ್ಟು ಪೂರ್ಣ ಮರುಕಾನ್ಫಿಗರೇಶನ್ ಮಾಡಿ.
6. ಪವರ್ ತೆಗೆದು ಮತ್ತೆ ಕೊಡಿ.

ಮೂರನೆಯ ಹಂತದಲ್ಲೇ ಸರಿಹೋದರೆ ಕಾನ್ಫಿಗರೇಶನ್ ಬಿಟ್ ತಿರುಗಿತ್ತು, ಬಿಟ್‌ನ ವಿಳಾಸವೂ ನಿಮ್ಮ ಕೈಯಲ್ಲಿದೆ. ಮೂರರ ಜೊತೆ ನಾಲ್ಕೂ ಬೇಕಾದರೆ ಬಿಟ್ ಸರಿಹೋದರೂ ಅದು ಉಂಟುಮಾಡಿದ ತಪ್ಪು ಮೌಲ್ಯ ಯಾವುದೋ ಹಿಮ್ಮುಖ ಸುತ್ತಿನಲ್ಲಿ, ಅಂದರೆ ಕೌಂಟರ್, ಸಂಚಯಕ ಅಥವಾ ಸ್ಟೇಟ್ ಮಷೀನ್‌ನಲ್ಲಿ, ಉಳಿದುಕೊಂಡಿತ್ತು. ಸ್ಕ್ರಬ್ಬಿಂಗ್ ಎಷ್ಟೇ ವೇಗವಾಗಿದ್ದರೂ ಇಂತಹ ದೋಷ ತಾನಾಗಿ ತೊಲಗದು, ಆ ಸುತ್ತಿಗೆ ಮೂರು ಪಟ್ಟು ರಕ್ಷಣೆ ಬೇಕು. ರೀಡ್‌ಬ್ಯಾಕ್ ಶುದ್ಧವಾಗಿದ್ದು ನಾಲ್ಕನೆಯದರಿಂದಲೇ ಸರಿಹೋದರೆ ಫ್ಲಿಪ್‌ಫ್ಲಾಪ್ ತಿರುಗಿರಬಹುದು, ಕ್ಲಾಕ್ ಅಥವಾ ರೀಸೆಟ್ ಜಾಲದಲ್ಲಿ ಕ್ಷಣಿಕ ಮಿಡಿತ ಹಾದುಹೋಗಿರಬಹುದು, ಅಥವಾ ವಿಕಿರಣದ ಸಂಬಂಧವೇ ಇಲ್ಲದ ಒಂದು ಕ್ಲಾಕ್‌ನ ಭಾಗದಿಂದ ಇನ್ನೊಂದರ ಭಾಗಕ್ಕೆ ಸಂಕೇತ ದಾಟಿಸುವಾಗಿನ ತಪ್ಪಿರಬಹುದು. ಐದನೆಯದರಿಂದ ಮಾತ್ರ ಎಂದಾದರೆ ಸೆಫಿ, ಇಲ್ಲವೇ ರೀಡ್‌ಬ್ಯಾಕ್‌ಗೆ ಕಾಣದ ಅಡಗಿದ ಸ್ಥಿತಿ. ಆರಕ್ಕೇ ಹೋಗಬೇಕಾಯಿತೆಂದರೆ ಎಫ್‌ಪಿಜಿಎ ಬಿಟ್ಟು ಅದರ ನೆರೆಯ ಚಿಪ್‌ಗಳನ್ನು ವಿಚಾರಿಸಿ.

ಎರಡನೆಯ ಹಂತದಲ್ಲಿ ಒಂದು ಎಚ್ಚರ. ರೀಡ್‌ಬ್ಯಾಕ್‌ನಲ್ಲಿ ಒಮ್ಮೆಗೇ ಸಾವಿರಾರು ಬಿಟ್‌ಗಳು ತಪ್ಪಾಗಿ ಕಂಡರೆ ಅಷ್ಟೂ ತಿರುಗಿವೆ ಎಂದು ನಂಬಬೇಡಿ. ಕಾನ್ಫಿಗರೇಶನ್ ಪೋರ್ಟ್ ಅಥವಾ ಫ್ರೇಮ್ ವಿಳಾಸದ ರಿಜಿಸ್ಟರ್ ಏಟು ತಿಂದಿರುವ ಸಾಧ್ಯತೆ ಹೆಚ್ಚು. ವಿಳಾಸದ ರಿಜಿಸ್ಟರ್‌ಗೆ ಒಂದು ಮೌಲ್ಯ ಬರೆದು ಹಿಂದೆ ಓದಿ. ಬರೆದದ್ದು ಉಳಿಯದೆ ತಾನೇ ಓಡುತ್ತಿದ್ದರೆ ಸೆಫಿ ಆಗಿದೆ. ಆ ಸ್ಥಿತಿಯಲ್ಲಿ ಸ್ಕ್ರಬರ್ ಬರೆಯಲು ಬಿಟ್ಟರೆ ಅದು ಸರಿಯಿದ್ದ ಫ್ರೇಮ್‌ಗಳ ಮೇಲೆ ಬೇರೆ ಫ್ರೇಮ್‌ಗಳನ್ನು ಬರೆದು ಇಡೀ ವಿನ್ಯಾಸವನ್ನು ಕೆಡಿಸುತ್ತದೆ. ಆದ್ದರಿಂದ ಪ್ರತಿ ಸ್ಕ್ರಬ್ ಬರಹಕ್ಕೂ ಮುನ್ನ ಈ ಪರೀಕ್ಷೆ ಇರಲೇಬೇಕು.

ಎಲ್ಲಿ, ಯಾವಾಗ

ಕೆಳ ಕಕ್ಷೆಯ ಉಪಗ್ರಹಗಳಿಗೆ ದಕ್ಷಿಣ ಅಮೆರಿಕ ಮತ್ತು ದಕ್ಷಿಣ ಅಟ್ಲಾಂಟಿಕ್‌ನ ಮೇಲೆ ಒಂದು ಕೆಟ್ಟ ಪ್ರದೇಶವಿದೆ. ಅಲ್ಲಿ ಭೂಕಾಂತಕ್ಷೇತ್ರ ದುರ್ಬಲ, ಒಳಗಿನ ವಿಕಿರಣ ಪಟ್ಟಿಯ ಪ್ರೋಟಾನ್‌ಗಳು ಕೆಳಗಿನವರೆಗೂ ಇಳಿಯುತ್ತವೆ. ದೋಷಗಳನ್ನು ಭೂಪಟದ ಮೇಲೆ ಗುರುತಿಸಿದಾಗ ಅವು ಅಲ್ಲಿ ಗುಂಪುಗೂಡಿದರೆ ಪ್ರೋಟಾನ್‌ಗಳತ್ತ ಬೆರಳು ತೋರಿಸಬಹುದು. ಧ್ರುವಗಳ ಹತ್ತಿರ ಗುಂಪುಗೂಡಿದರೆ ಗ್ಯಾಲಕ್ಸಿಯ ಭಾರಿ ಅಯಾನುಗಳು ಅಥವಾ ಸೌರ ಕಣಗಳು. ಆ ದಿನ ಅಮೆರಿಕದ ಗೋಸ್ ಹವಾಮಾನ ಉಪಗ್ರಹಗಳು ಅಳೆದ ಪ್ರೋಟಾನ್ ಹರಿವನ್ನು ನೋಡಿ. 10 ಎಂಇವಿಗಿಂತ ಹೆಚ್ಚು ಶಕ್ತಿಯ ಪ್ರೋಟಾನ್‌ಗಳು 10 ಪಿಎಫ್‌ಯು (ಪ್ರೋಟಾನ್ ಹರಿವಿನ ಏಕಮಾನ) ಮಟ್ಟ ದಾಟಿದ್ದರೆ ಸೌರ ವಿಕಿರಣ ಬಿರುಗಾಳಿ ನಡೆಯುತ್ತಿತ್ತು. ಆದಿತ್ಯ–ಎಲ್1ರಂತೆ ಭೂಕಾಂತಕ್ಷೇತ್ರದ ಆಚೆ, 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ನೌಕೆಗೆ ಭೂಪಟದ ಈ ಉಪಾಯ ಒದಗುವುದಿಲ್ಲ. ಅಲ್ಲಿ ಸೂರ್ಯನ ದಿನಚರಿಯೊಂದೇ ಆಧಾರ.

ಈ ಹಂತದಲ್ಲಿ ಬೆಂಗಳೂರಿನಿಂದ ಉಪಗ್ರಹ ನಡೆಸುವವರು ಸುಲಭವಾಗಿ ಬೀಳುವ ಒಂದು ಗುಂಡಿ ಇದೆ. ಉಪಗ್ರಹ ನಮ್ಮ ಭೂ ಕೇಂದ್ರದ ದೃಷ್ಟಿಗೆ ಬಂದಾಗ ದೋಷ ಕಾಣುತ್ತದೆ, ವರದಿಯಲ್ಲಿ ಆ ಸಮಯವೇ ದಾಖಲಾಗುತ್ತದೆ. ಭೂಪಟ ಬಿಡಿಸಿದರೆ ದೋಷಗಳೆಲ್ಲ ದಕ್ಷಿಣ ಭಾರತದ ಮೇಲೆ ಗುಂಪುಗೂಡಿರುತ್ತವೆ. ಕಾಸ್ಮಿಕ್ ಕಿರಣಗಳ ಮಟ್ಟಿಗೆ ಅದು ಭೂಮಿಯ ಅತ್ಯಂತ ಸುರಕ್ಷಿತ ಆಕಾಶಗಳಲ್ಲೊಂದು. ಸುಮಾರು 17 ಗಿಗಾವೋಲ್ಟ್‌ಗಿಂತ ಕಡಿಮೆ ಕಾಂತದೃಢತೆಯ (ಕಾಂತಕ್ಷೇತ್ರಕ್ಕೆ ಬಾಗದೆ ಸಾಗುವ ಸಾಮರ್ಥ್ಯದ) ಕಣಗಳನ್ನು ಭೂಕಾಂತಕ್ಷೇತ್ರ ಅಲ್ಲಿ ನೇರವಾಗಿ ಒಳಬಿಡುವುದಿಲ್ಲ. ಹಾಗಾಗಿ ದೋಷ ಕಂಡ ಸಮಯವನ್ನು ಬಿಟ್ಟು, ನೌಕೆಯ ಸ್ವಂತ ಗಡಿಯಾರದಲ್ಲಿ ದೋಷ ಎಣಿಕೆ ಬದಲಾದ ಸಮಯವನ್ನು ಹಿಡಿಯಿರಿ. ಅದು ದಾಖಲಾಗುತ್ತಿಲ್ಲವಾದರೆ ಮುಂದಿನ ಸಾಫ್ಟ್‌ವೇರ್ ಅಪ್‌ಲೋಡ್‌ನಲ್ಲಿ ಮೊದಲು ಸೇರಿಸಬೇಕಾದದ್ದು ಅದನ್ನೇ.

ಇನ್ನೊಂದು: ಕ್ಯಾಮೆರಾ ಬೋರ್ಡ್ ಭಾರತದ ಮೇಲೆ ಹಾಯುವಾಗ ಮಾತ್ರ ಆನ್ ಆಗಿರುವಂತಿದ್ದರೆ ದೋಷಗಳು ಬೇರೆಲ್ಲಿ ಬಂದಾವು? ದೋಷಗಳ ಸಂಖ್ಯೆಯನ್ನು ಆಯಾ ಪ್ರದೇಶದಲ್ಲಿ ಬೋರ್ಡ್ ಆನ್ ಆಗಿದ್ದ ಸಮಯದಿಂದ ಭಾಗಿಸಿದ ಮೇಲೆಯೇ ಭೂಪಟಕ್ಕೆ ಅರ್ಥ ಬರುವುದು. ನೆರಳಿನಿಂದ ಬಿಸಿಲಿಗೆ ಬರುವಾಗಲೆಲ್ಲ ದೋಷ ಬರುತ್ತಿದ್ದರೆ ತಾಪಮಾನ ಬದಲಾವಣೆ, ಬೆಸುಗೆ, ಬಸ್ ವೋಲ್ಟೇಜ್‌ನ ಏರಿಳಿತ ಇವು ಮೊದಲ ಶಂಕಿತರು.

ಸ್ಕ್ರಬರೇ ದೋಷ ತಂದಾಗ

ಒಂದು ಪ್ರಕರಣವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದರ ಗುರುತು ತೀರಾ ಸ್ಪಷ್ಟ, ಆದರೂ ಬಹಳ ಜನ ನೋಡುವುದಿಲ್ಲ. ಚಿತ್ರ ಸಂಕೋಚನ ಮಾಡುವ ಬೋರ್ಡ್ ಒಂದರಲ್ಲಿ ಆಗಾಗ ಒಂದೆರಡು ಸಾಲು ಚಿತ್ರ ಕೆಡುತ್ತಿತ್ತು. ರೀಡ್‌ಬ್ಯಾಕ್ ಶುದ್ಧ, ಕರೆಂಟ್ ಸರಿ, ಮುಂದಿನ ಚಿತ್ರದ ಹೊತ್ತಿಗೆ ಎಲ್ಲವೂ ಸರಿ. ವಿಕಿರಣ ಎಂದೇ ಎಲ್ಲರ ತೀರ್ಮಾನ. ದೋಷಗಳ ಸಮಯಗಳನ್ನು ಸಾಲಾಗಿ ಬರೆದು ಒಂದರಿಂದ ಇನ್ನೊಂದನ್ನು ಕಳೆದಾಗ ಕಥೆಯೇ ಬದಲಾಯಿತು. ಅಂತರಗಳು ಎಲ್ಲೆಂದರಲ್ಲಿ ಹರಡಿರಲಿಲ್ಲ, ಪ್ರತಿಯೊಂದೂ ಸ್ಕ್ರಬ್ ಅವಧಿಯ ಪೂರ್ಣ ಗುಣಕವಾಗಿತ್ತು.

ವಿಕಿರಣದ ಏಟುಗಳಿಗೆ ತಾಳವಿಲ್ಲ. ಒಂದು ಏಟಿಗೂ ಮುಂದಿನದಕ್ಕೂ ನಡುವಿನ ಸಮಯ ಯಾದೃಚ್ಛಿಕ. ತಾಳ ಕಂಡಿತೆಂದರೆ ಅದು ಯಾವುದೋ ಗಡಿಯಾರಕ್ಕೆ ಕಟ್ಟಿದ ದೋಷ. ಈ ವಿನ್ಯಾಸದಲ್ಲಿ ದತ್ತಾಂಶವನ್ನು ಬಂದ ಕ್ರಮದಲ್ಲೇ ಸಾಲಾಗಿ ಹಿಡಿದಿಡುವ ಒಂದು ಸಣ್ಣ ಫಿಫೊ ಇತ್ತು. ಸಿಂಥೆಸಿಸ್ ಸಾಫ್ಟ್‌ವೇರ್ ಅದನ್ನು ಚಿಪ್‌ನ ಪ್ರತ್ಯೇಕ ಮೆಮೊರಿಯಾದ ಬ್ಲಾಕ್ ರ್‍ಯಾಮ್‌ನಲ್ಲಿ ಇಡದೆ ಲಾಜಿಕ್ ಕಟ್ಟಲು ಇರುವ ಲುಕಪ್ ಟೇಬಲ್‌ಗಳನ್ನೇ ಶಿಫ್ಟ್ ರಿಜಿಸ್ಟರ್‌ಗಳನ್ನಾಗಿಸಿ ಕಟ್ಟಿತ್ತು. ಆ ಟೇಬಲ್‌ಗಳ ಒಳವಸ್ತು ಕಾನ್ಫಿಗರೇಶನ್ ಮೆಮೊರಿಯ ಭಾಗ. ಸ್ಕ್ರಬರ್ ಪ್ರತಿ ಸುತ್ತಿನಲ್ಲೂ ಮೂಲ ಪ್ರತಿಯನ್ನು ಅದರ ಮೇಲೆ ಬರೆಯುತ್ತಿತ್ತು, ಚಲಿಸುತ್ತಿದ್ದ ದತ್ತಾಂಶ ಅಳಿಯುತ್ತಿತ್ತು. ಫಿಫೊ ಖಾಲಿಯಿದ್ದ ಸುತ್ತುಗಳಲ್ಲಿ ಏನೂ ಕಾಣುತ್ತಿರಲಿಲ್ಲ, ತುಂಬಿದ್ದಾಗ ಚಿತ್ರ ಕೆಡುತ್ತಿತ್ತು. ಗುಣಕಗಳು ಬಂದದ್ದು ಇದರಿಂದಲೇ. ರೀಡ್‌ಬ್ಯಾಕ್ ಹೋಲಿಕೆಯಲ್ಲಿ ಆ ಬಿಟ್‌ಗಳಿಗೆ ಮುಸುಕು ಹಾಕಿದ್ದರಿಂದ ಅಲ್ಲಿಯೂ ಸುಳಿವು ಸಿಕ್ಕಿರಲಿಲ್ಲ. ಫಿಫೊವನ್ನು ಬ್ಲಾಕ್ ರ್‍ಯಾಮ್‌ಗೆ ಸರಿಸಿದ ಮೇಲೆ ದೋಷ ನಿಂತಿತು.

ಸ್ಕ್ರಬರ್ ಇರುವ ಪ್ರತಿ ವಿನ್ಯಾಸದಲ್ಲೂ ಲುಕಪ್ ಟೇಬಲ್ ಮೆಮೊರಿ ಎಷ್ಟಿದೆ ಎಂದು ಬಳಕೆಯ ವರದಿಯಲ್ಲಿ ನೋಡಿ. ಸೊನ್ನೆ ಇದ್ದರೆ ಒಳ್ಳೆಯದು, ಇಲ್ಲವಾದರೆ ಆ ಫ್ರೇಮ್‌ಗಳನ್ನು ಸ್ಕ್ರಬರ್ ಬಿಟ್ಟು ಮುಂದೆ ಹೋಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಮೂಲ ಪ್ರತಿ ಇಟ್ಟಿರುವ ಫ್ಲ್ಯಾಷ್ ಮೆಮೊರಿಯ ಸಿಆರ್‌ಸಿಯನ್ನೂ (ದತ್ತಾಂಶ ಕೆಟ್ಟಿದೆಯೇ ಎಂದು ತಿಳಿಸುವ ಪರೀಕ್ಷಾ ಸಂಖ್ಯೆ) ಆಗಾಗ ಪರೀಕ್ಷಿಸಿ. ಮೂಲವೇ ಕೆಟ್ಟಿದ್ದರೆ ಸ್ಕ್ರಬರ್ ಬಹಳ ನಿಷ್ಠೆಯಿಂದ ದೋಷವನ್ನೇ ಬರೆಯುತ್ತಿರುತ್ತದೆ.

ರೀಡ್‌ಬ್ಯಾಕ್ ಶುದ್ಧ, ಬೋರ್ಡ್ ಮಾತ್ರ ಕೆಟ್ಟಿದೆ

2007ರ ಮಾರ್ಚ್‌ನಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯ ಸಿಬೋಲಾ ಎಂಬ ಉಪಗ್ರಹವನ್ನು ಸುಮಾರು 560 ಕಿಲೋಮೀಟರ್ ಎತ್ತರದ ಕಕ್ಷೆಗೆ ಕಳುಹಿಸಿತು. ಅದರಲ್ಲಿ ಒಂಬತ್ತು ವರ್ಟೆಕ್ಸ್ ಎಫ್‌ಪಿಜಿಎಗಳಿದ್ದವು, ಅವುಗಳ ಕಾನ್ಫಿಗರೇಶನನ್ನು ಸತತವಾಗಿ ಓದಿ ತಪ್ಪು ಹಿಡಿಯುವ ವ್ಯವಸ್ಥೆಯೂ ಇತ್ತು. ಆ ತಲೆಮಾರಿನ ಚಿಪ್‌ಗಳ ಮೇಲೆ ನಡೆದ ಪರೀಕ್ಷೆಗಳು ಒಂದು ಮುಖ್ಯ ಪಾಠ ಕಲಿಸಿದವು: ರೀಡ್‌ಬ್ಯಾಕ್‌ಗೆ ಕಾಣದ ಸ್ಥಿತಿಗಳು ಚಿಪ್‌ನೊಳಗಿವೆ. ವಿನ್ಯಾಸದಲ್ಲಿ ಎಲ್ಲೂ ಜೋಡಿಸದೆ ಬಿಟ್ಟ ಇನ್‌ಪುಟ್‌ಗಳಿಗೆ ಸ್ಥಿರವಾದ ಒಂದು ಅಥವಾ ಸೊನ್ನೆ ಕೊಡಲು ಚಿಪ್ 'ಹಾಫ್ ಲ್ಯಾಚ್' ಎಂಬ ಸಣ್ಣ ಸರ್ಕ್ಯೂಟ್‌ಗಳನ್ನು ಬಳಸುತ್ತಿತ್ತು. ಕಣದ ಏಟಿಗೆ ಅದು ತಿರುಗಿದರೆ ಫ್ಲಿಪ್‌ಫ್ಲಾಪ್‌ನ ಕ್ಲಾಕ್ ಎನೇಬಲ್ ಮುಚ್ಚಿಕೊಳ್ಳುತ್ತದೆ, ಆ ರಿಜಿಸ್ಟರ್ ಹೆಪ್ಪುಗಟ್ಟುತ್ತದೆ. ಕಾನ್ಫಿಗರೇಶನ್ ಬಿಟ್‌ಗಳೆಲ್ಲ ಸರಿಯಾಗಿಯೇ ಇರುತ್ತವೆ. ಸ್ಕ್ರಬ್ಬಿಂಗ್ ಅದನ್ನು ಸರಿಮಾಡದು, ಪೂರ್ಣ ಮರುಕಾನ್ಫಿಗರೇಶನ್ ಸರಿಮಾಡುತ್ತದೆ. ಆ ಚಿಪ್‌ಗಳಿಗೆ ಪರಿಹಾರವೆಂದರೆ ಸ್ಥಿರ ಮೌಲ್ಯಗಳನ್ನು ಲುಕಪ್ ಟೇಬಲ್‌ನಿಂದಲೋ ಹೊರಗಿನ ಪಿನ್‌ನಿಂದಲೋ ತರುವುದು.

ಎರಡನೆಯ ಸಾಮಾನ್ಯ ಕಾರಣ ಸ್ಟೇಟ್ ಮಷೀನ್. ಐದು ಸ್ಥಿತಿಗಳನ್ನು ಮೂರು ಬಿಟ್‌ಗಳಲ್ಲಿ ಬರೆದರೆ ಮೂರು ಅಕ್ರಮ ಸ್ಥಿತಿಗಳು ಉಳಿಯುತ್ತವೆ. ನೀವು ಕೋಡ್‌ನಲ್ಲಿ 'ವೆನ್ ಅದರ್ಸ್' ಎಂದು ಬರೆದು ಆರಂಭಕ್ಕೆ ಮರಳುವ ದಾರಿ ಕೊಟ್ಟಿರುತ್ತೀರಿ. ಸಿಮ್ಯುಲೇಶನ್‌ನಲ್ಲಿ ಅದು ಇದೆ. ಸಿಂಥೆಸಿಸ್ ಸಾಫ್ಟ್‌ವೇರ್ ಮಾತ್ರ ಆ ಸ್ಥಿತಿಗಳಿಗೆ ತಲುಪುವ ದಾರಿಯೇ ಇಲ್ಲವೆಂದು ಲೆಕ್ಕ ಹಾಕಿ ಆ ಭಾಗವನ್ನು ತೆಗೆದುಬಿಡುತ್ತದೆ. ಒಂದು ಬಿಟ್ ತಿರುಗಿ ಮಷೀನ್ ಅಕ್ರಮ ಸ್ಥಿತಿಗೆ ಹೋದರೆ ಅಲ್ಲೇ ಸಿಕ್ಕಿಬೀಳುತ್ತದೆ. ಸುರಕ್ಷಿತ ಸ್ಟೇಟ್ ಮಷೀನ್ ಬೇಕೆಂದು ಸಾಫ್ಟ್‌ವೇರ್‌ಗೆ ಸ್ಪಷ್ಟವಾಗಿ ಹೇಳಬೇಕು. ಹೇಳಿದ ಮೇಲೂ ಸಿಂಥೆಸಿಸ್ ನಂತರದ ನೆಟ್‌ಲಿಸ್ಟ್‌ನಲ್ಲಿ (ಸರ್ಕ್ಯೂಟ್‌ನ ಭಾಗ ಮತ್ತು ಸಂಪರ್ಕಗಳ ಪಟ್ಟಿ) ಅಕ್ರಮ ಮೌಲ್ಯವನ್ನು ಬಲವಂತವಾಗಿ ತುಂಬಿ ಹೊರಬರುತ್ತದೆಯೇ ನೋಡಬೇಕು. ಮೊದಲ ಹಂತದಲ್ಲಿ ಸ್ಟೇಟ್ ಮಷೀನ್‌ಗಳ ಸ್ಥಿತಿಯನ್ನು ಓದಿ ಎಂದದ್ದು ಇದಕ್ಕೇ: ಓದಿದ ಮೌಲ್ಯ ನಿಮ್ಮ ಪಟ್ಟಿಯಲ್ಲೇ ಇಲ್ಲದಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ಮೂರು ಪಟ್ಟು ಬರೆದದ್ದು ಒಂದೇ ಆಗಿ ಉಳಿದಾಗ

ಟಿಎಂಆರ್ ಅಂದರೆ ಒಂದೇ ಲಾಜಿಕ್‌ನ ಮೂರು ಪ್ರತಿ, ಬಹುಮತಕ್ಕೆ ವೋಟರ್. ಇಂತಹ ವಿನ್ಯಾಸವೂ ಒಂದೇ ಬಿಟ್‌ಗೆ ಬಿದ್ದರೆ ಮೊದಲು ನೆಟ್‌ಲಿಸ್ಟ್ ತೆರೆದು ಫ್ಲಿಪ್‌ಫ್ಲಾಪ್‌ಗಳನ್ನು ಎಣಿಸಿ. ಸಿಂಥೆಸಿಸ್ ಸಾಫ್ಟ್‌ವೇರ್‌ನ ಕಣ್ಣಿಗೆ ಮೂರು ಒಂದೇ ತರಹದ ರಿಜಿಸ್ಟರ್‌ಗಳೆಂದರೆ ವ್ಯರ್ಥ, ಎರಡನ್ನು ಅದು ತೆಗೆಯುತ್ತದೆ. 'ಕೀಪ್', 'ಡೋಂಟ್ ಟಚ್' ಮುಂತಾದ ಗುರುತು ಹಾಕಿದ್ದರೂ ಅವು ಶ್ರೇಣಿಯ ಎಲ್ಲ ಹಂತಗಳಿಗೂ ತಲುಪಿವೆಯೇ ನೋಡಿ.

ಎಣಿಕೆ ಸರಿಯಿದ್ದರೆ ಮೂರೂ ಪ್ರತಿಗಳು ಹಂಚಿಕೊಳ್ಳುವ ವಸ್ತುವನ್ನು ಹುಡುಕಿ. ಸಾಮಾನ್ಯವಾಗಿ ಅದು ಒಂದೇ ಕ್ಲಾಕ್ ಬಫರ್, ಒಂದೇ ರೀಸೆಟ್ ತಂತಿ, ಅಥವಾ ಒಂದೇ ಇನ್‌ಪುಟ್ ಪಿನ್. ಹಿಮ್ಮುಖ ಸುತ್ತುಗಳ ಒಳಗೆ ವೋಟರ್ ಇಲ್ಲದಿದ್ದರೆ ಏಟು ತಿಂದ ಪ್ರತಿ ಎಂದಿಗೂ ಉಳಿದೆರಡರ ಜೊತೆ ಸೇರುವುದಿಲ್ಲ, ಮುಂದಿನ ಏಟು ಇನ್ನೊಂದು ಪ್ರತಿಗೆ ಬಿದ್ದ ದಿನ ಬಹುಮತವೇ ತಪ್ಪಾಗುತ್ತದೆ. ಉಡಾವಣೆಯಾಗಿ ತಿಂಗಳುಗಳ ನಂತರ ಬರುವ ಟಿಎಂಆರ್ ವೈಫಲ್ಯಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಪ್ರತಿ ವೋಟರ್‌ನಲ್ಲೂ ಭಿನ್ನಮತದ ಎಣಿಕೆ ಇಟ್ಟು ಟೆಲಿಮೆಟ್ರಿಗೆ ಕಳುಹಿಸಿದರೆ ಆ ಮೊದಲ ಏಟು ಬಿದ್ದ ದಿನವೇ ತಿಳಿಯುತ್ತದೆ.

ಪವರ್ ಕೊಟ್ಟ ಮೊದಲ ಕ್ಷಣಗಳು

ನಾಸಾದ ವೈರ್ ದೂರದರ್ಶಕ 1999ರ ಮಾರ್ಚ್‌ನಲ್ಲಿ ಕಕ್ಷೆ ಸೇರಿತು. ಅದರ ಉಪಕರಣವನ್ನು ಘನ ಹೈಡ್ರೋಜನ್‌ನಿಂದ ತಣ್ಣಗಿಡಲಾಗಿತ್ತು. ಮುಚ್ಚಳ ಹಾರಿಸುವ ಸ್ಫೋಟಕ ಸರ್ಕ್ಯೂಟ್ ಪೆಟ್ಟಿಗೆಗೆ ಪವರ್ ಕೊಟ್ಟೊಡನೆ, ಯಾರೂ ಆಜ್ಞೆ ಕೊಡದೆಯೇ ಮುಚ್ಚಳ ಹಾರಿತು. ಹೈಡ್ರೋಜನ್ ಆವಿಯಾಗಿ ಹೊರಚಿಮ್ಮಿ ನೌಕೆಯನ್ನು ಬುಗುರಿಯಾಡಿಸಿತು, ಮುಖ್ಯ ಉದ್ದೇಶ ಅಲ್ಲಿಗೆ ಮುಗಿಯಿತು. ತನಿಖೆ ಕಂಡುಕೊಂಡ ಕಾರಣ ವಿಕಿರಣವಲ್ಲ. ಪೆಟ್ಟಿಗೆಯೊಳಗಿನ ಎಫ್‌ಪಿಜಿಎಯ ಔಟ್‌ಪುಟ್‌ಗಳು ಪವರ್ ಬಂದ ಮೊದಲ ಕ್ಷಣಗಳಲ್ಲಿ ನಿಯಂತ್ರಣದಲ್ಲಿರಲಿಲ್ಲ, ಅವುಗಳನ್ನು ಸುಸ್ಥಿತಿಗೆ ತರಬೇಕಿದ್ದ ರೀಸೆಟ್ ಕ್ಲಾಕ್‌ಗೆ ಕಾಯುತ್ತಿತ್ತು, ಸ್ಫಟಿಕ ಆಂದೋಲಕ ಚಾಲೂ ಆಗಲು ಸಮಯ ಬೇಕಿತ್ತು.

ಆದ್ದರಿಂದ ದೋಷ ಪವರ್ ಕೊಟ್ಟ ಹೊತ್ತಿನಲ್ಲಿ ಬಂದಿದ್ದರೆ ಭೂಪಟ, ಸೌರ ಬಿರುಗಾಳಿ ಯಾವುದನ್ನೂ ನೋಡುವ ಮುನ್ನ ಬೆಂಚ್ ಮೇಲಿನ ಪ್ರತಿರೂಪ ಬೋರ್ಡ್‌ಗೆ ಆಸಿಲೊಸ್ಕೋಪ್ ಹಚ್ಚಿ. ವೋಲ್ಟೇಜ್ ನಿಧಾನವಾಗಿ ಏರುವಾಗ, ವೇಗವಾಗಿ ಏರುವಾಗ, ತಣ್ಣಗಿದ್ದಾಗ, ಬಹಳ ಹೊತ್ತು ಆಫ್ ಇದ್ದ ನಂತರ, ಹೀಗೆ ಪ್ರತಿ ಸ್ಥಿತಿಯಲ್ಲೂ ಔಟ್‌ಪುಟ್ ಪಿನ್‌ಗಳನ್ನು ಗಮನಿಸಿ. ಅಪಾಯಕಾರಿ ಕೆಲಸಕ್ಕೆ ಕಟ್ಟಿದ ಪಿನ್‌ಗಳಿಗೆ ಹೊರಗಿನ ಪ್ರತಿರೋಧಕದ ಬೆಂಬಲವಿಲ್ಲದಿದ್ದರೆ ಅದನ್ನು ದೋಷವೆಂದೇ ದಾಖಲಿಸಿ.

ಮೆಲ್ಲಗೆ ಬರುವ ದೋಷ

ಸಂಚಿತ ಪ್ರಮಾಣವನ್ನು ಕಿಲೋರ್‍ಯಾಡ್‌ಗಳಲ್ಲಿ ಅಳೆಯುತ್ತಾರೆ. ಆರ್‌ಟಿಎಎಕ್ಸ್–ಎಸ್ ಸರಣಿಯ ಮಿತಿ 300ರ ಆಸುಪಾಸು, ಆರ್‌ಟಿಜಿ4ರದು 100. ಪ್ರೊಆ್ಯಸಿಕ್3ರಂತಹ ಹಳೆಯ ಫ್ಲ್ಯಾಷ್ ಚಿಪ್‌ಗಳು ಅದಕ್ಕಿಂತ ಬಹಳ ಬೇಗ ನಿಧಾನವಾಗತೊಡಗುತ್ತವೆ: ಗೇಟ್‌ನಲ್ಲಿ ಹಿಡಿದಿಟ್ಟ ವಿದ್ಯುದಾವೇಶ ಸೋರಿ ಸಂಕೇತದ ವಿಳಂಬ ಹೆಚ್ಚುತ್ತದೆ. ಗುರುತು ಹೀಗಿರುತ್ತದೆ: ದೋಷ ಮೊದಲು ಅಪರೂಪಕ್ಕೆ, ಬೋರ್ಡ್ ಬಿಸಿಯಾದಾಗ ಮಾತ್ರ, ಆಮೇಲೆ ಪದೇ ಪದೇ, ಅದೂ ಒಂದೇ ಉದ್ದನೆಯ ದಾರಿಯಲ್ಲಿ. ಕ್ಲಾಕ್ ವೇಗ ಇಳಿಸಲು ಸಾಧ್ಯವಿದ್ದರೆ ಇಳಿಸಿ ನೋಡಿ, ದೋಷ ಮಾಯವಾದರೆ ಸಮಯದ ಅಂಚು ಸವೆದಿದೆ. ಇಂತಹ ಫ್ಲ್ಯಾಷ್ ಚಿಪ್‌ಗೆ ಕಕ್ಷೆಯಲ್ಲಿ ಹೊಸ ವಿನ್ಯಾಸ ಬರೆಯಲು ಹೊರಡಬೇಡಿ. ಬರೆಯಲು ಬೇಕಾದ ಹೆಚ್ಚಿನ ವೋಲ್ಟೇಜ್ ಉತ್ಪಾದಿಸುವ ಒಳಗಿನ ಪಂಪ್ ಲಾಜಿಕ್‌ಗಿಂತ ಮೊದಲು ಸೋಲುತ್ತದೆ, ಅಳಿಸಿದ ಮೇಲೆ ಬರೆಯಲಾಗದೆ ಚಿಪ್ ಖಾಲಿಯಾಗಿ ಉಳಿಯಬಹುದು.

ಇದೇ ಲಕ್ಷಣ ವಿಕಿರಣವಿಲ್ಲದೆಯೂ ಬರುತ್ತದೆ. ಆ್ಯಂಟಿಫ್ಯೂಸ್ ಚಿಪ್‌ಗಳ ಒಂದು ತಲೆಮಾರಿನಲ್ಲಿ ಪ್ರೋಗ್ರಾಂ ಮಾಡಿದ ಸಂಪರ್ಕಗಳ ಪ್ರತಿರೋಧವೇ ಬಳಕೆಯಲ್ಲಿ ಹೆಚ್ಚಿ ವಿಳಂಬ ಉಂಟಾಗಿತ್ತು. ಬೆಂಚ್ ಮೇಲೆ ಓಡುತ್ತಿರುವ ಜೋಡಿ ಬೋರ್ಡ್‌ನಲ್ಲೂ ಅದೇ ದೋಷ ಕಂಡರೆ ಕಾರಣ ಆಕಾಶದಲ್ಲಿಲ್ಲ.

ಭೂಮಿಯ ಮೇಲೆ ಮರುಸೃಷ್ಟಿ

ಎರಡನೆಯ ಹಂತದಲ್ಲಿ ಬರೆದಿಟ್ಟ ಫ್ರೇಮ್ ವಿಳಾಸ ಈಗ ಕೆಲಸಕ್ಕೆ ಬರುತ್ತದೆ. ವರ್ಟೆಕ್ಸ್–5ರ ಒಂದು ಫ್ರೇಮ್‌ನಲ್ಲಿ 41 ಪದಗಳು, ಪದಕ್ಕೆ 32 ಬಿಟ್, ಒಟ್ಟು 1312 ಬಿಟ್‌ಗಳು. ಪ್ರತಿರೂಪ ಬೋರ್ಡ್‌ನಲ್ಲಿ ಅದೇ ವಿನ್ಯಾಸ ತುಂಬಿ, ಅದೇ ಫ್ರೇಮ್‌ನ ಅದೇ ಬಿಟ್ ತಿರುಗಿಸಿ, ಕಕ್ಷೆಯಲ್ಲಿ ಬಂದ ಲಕ್ಷಣವೇ ಬಂದರೆ ವರದಿಯಲ್ಲಿ ವಿಕಿರಣ ಎಂದು ಧೈರ್ಯವಾಗಿ ಬರೆಯಬಹುದು, ಫ್ರೇಮ್ ವಿಳಾಸವನ್ನೂ ಜೊತೆಗೆ ಬರೆಯಿರಿ. ಬರದಿದ್ದರೆ ಕಡತ ತೆರೆದೇ ಇರಲಿ. ವಿನ್ಯಾಸದ ಎಲ್ಲ ಬಿಟ್‌ಗಳನ್ನೂ ಒಂದೊಂದಾಗಿ ತಿರುಗಿಸಿ ಯಾವುವು ಔಟ್‌ಪುಟ್ ಕೆಡಿಸುತ್ತವೆ ಎಂಬ ಪಟ್ಟಿ ಉಡಾವಣೆಗೆ ಮುನ್ನವೇ ಮಾಡಿಟ್ಟವರಿಗೆ ಈ ಕೆಲಸ ನಿಮಿಷಗಳದ್ದು. ಹಾಗೆ ಕೆಡಿಸುವ ಬಿಟ್‌ಗಳು ಒಟ್ಟಿನ ಸಣ್ಣ ಭಾಗ ಮಾತ್ರ.

ಫ್ಲಿಪ್‌ಫ್ಲಾಪ್‌ಗಳ ಏಟು, ಕ್ಷಣಿಕ ಮಿಡಿತ, ಸೆಫಿ ಇವುಗಳಿಗೆ ಬಿಟ್ ತಿರುಗಿಸುವ ಉಪಾಯ ಪೂರ್ತಿ ಸಾಲದು, ಕಣ ವೇಗವರ್ಧಕ ಬೇಕು. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದ ಪೆಲೆಟ್ರಾನ್‌ನಂತಹ ಯಂತ್ರದಲ್ಲಿ ಅಯಾನುಗಳು ಸಿಲಿಕಾನ್‌ನೊಳಗೆ ಕೆಲವೇ ಹತ್ತಾರು ಮೈಕ್ರೊಮೀಟರ್ ಹೋಗುತ್ತವೆ, ಹಾಗಾಗಿ ಚಿಪ್‌ನ ಮುಚ್ಚಳ ತೆಗೆಯಲೇಬೇಕು. ಬೋರಲಾಗಿ ಕೂರಿಸಿದ ಚಿಪ್ ಆದರೆ ಹಿಂಬದಿಯ ಸಿಲಿಕಾನನ್ನೂ ತೆಳುಮಾಡಬೇಕು. ಕಿರಣದ ಸಮಯ ದುಬಾರಿ ಎಂದು ಹರಿವನ್ನು ಹೆಚ್ಚಿಸಬೇಡಿ. ಒಂದು ಸ್ಕ್ರಬ್ ಸುತ್ತಿನೊಳಗೆ ಎರಡು ಮೂರು ಏಟು ಬೀಳುವಂತಾದರೆ ಸರಿಯಾದ ಟಿಎಂಆರ್ ಕೂಡ ಸೋಲುತ್ತದೆ, ಕಕ್ಷೆಯಲ್ಲಿ ಎಂದೂ ಬಾರದ ದೋಷದ ಹಿಂದೆ ತಂಡ ಬೀಳುತ್ತದೆ. ಸ್ಕ್ರಬ್ ಸುತ್ತಿಗೆ ಸರಾಸರಿ ಒಂದು ಏಟಿಗಿಂತ ಬಹಳ ಕಡಿಮೆ ಬೀಳುವಷ್ಟಕ್ಕೆ ಕಿರಣವನ್ನು ಇಳಿಸಿ, ಪ್ರತಿ ಏಟಿನ ನಂತರ ಮೇಲಿನ ಆರು ಹಂತಗಳನ್ನೇ ಅದೇ ಕ್ರಮದಲ್ಲಿ ನಡೆಸಿ ದಾಖಲಿಸಿ.